ಅಂಜುವ ಜೀವಕ್ಕೆ ದಾರಿ

ದಯೆಯ ಮಾತನ್ನು ಕೇಳದ ಭಕ್ತನಿಲ್ಲ. ಬಸವಾದಿ ಪ್ರಮಥರು ಸಕಲ ಜೀವಿಗಳ ವಿಷಯದಲ್ಲಿಯೂ ಕರುಣೆಯಿರಬೇಕೆಂದು ಬೋಧಿಸಿದರೆಂಬುದನ್ನು ಮನೆಯ ಮಕ್ಕಳೂ ಬಲ್ಲರು. ಆದರೆ ಬಲ್ಲ ಮಾತನ್ನು ನಡೆಗೆ ತರುವಾಗ ತೊಡಕು ಹುಟ್ಟುತ್ತದೆ. ಹಸಿದವನಿಗೆ ಅನ್ನವಿಕ್ಕುವುದು ದಯೆಯೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಏಕೆಂದರೆ ಹಸಿವು ಎಲ್ಲರ ಹೊಟ್ಟೆಗೂ ಪರಿಚಿತವಾದುದು. ಅಂಜಿದವನಿಗೆ ದಾರಿ ಬಿಡುವುದೂ ದಯೆಯೇ ಎಂಬುದನ್ನು ಮಾತ್ರ ಬಹುಜನರು ಒಪ್ಪಲಾರರು. ಯಾವುದಕ್ಕೆ ತಾನು ಅಂಜುವುದಿಲ್ಲವೋ ಅದಕ್ಕೆ ಅನ್ಯರು ಅಂಜಿದರೆ ಮನುಷ್ಯನಿಗೆ ನಗೆ ಬರುತ್ತದೆ. ಆ ನಗೆಯಲ್ಲಿ ಅಡಗಿರುವ ತಪ್ಪನ್ನು ವಿಚಾರಿಸುವುದಕ್ಕೆ ಒಂದು ಸಣ್ಣ ಪ್ರಸಂಗವು ಸಾಕು. ಅದು ಒಂದು ಅಂಜುಬುರುಕ ನಾಯಿಯ ಪ್ರಸಂಗ.

ನಾಯಿಯ ಮಾತು ಧರ್ಮವಿಚಾರಕ್ಕೆ ತಕ್ಕುದಲ್ಲವೆಂದು ಭಾವಿಸಬೇಕಾಗಿಲ್ಲ. ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನೋದಿಸಿದರೆಂಬ ಕಥೆ ಶರಣರ ಚರಿತೆಗಳಲ್ಲಿ ಪ್ರಸಿದ್ಧವಾಗಿದೆ. ಕಥೆಯ ತಾತ್ಪರ್ಯವು ಪವಾಡದಲ್ಲಿಲ್ಲ. ಹೀನವೆಂದು ಕಂಡ ಜೀವದೊಳಗೂ ಶಿವಚೈತನ್ಯವಿದೆ, ಅದನ್ನು ಕಾಣದಿದ್ದುದು ನೋಡುವವನ ಕಣ್ಣಿನ ದೋಷ ಎಂಬುದೇ ಅದರ ಸಾರ. ಆ ಕಣ್ಣಿನಿಂದಲೇ ಈ ಪ್ರಸಂಗವನ್ನೂ ನೋಡಬೇಕು.

ರಾಯಚೂರು ತಾಲ್ಲೂಕಿನ ಹೋಬಳಿಯ ಊರಾದ ಚಂದ್ರಬಂಡದಲ್ಲಿ ಒಕ್ಕಲುತನ ಮಾಡಿಕೊಂಡಿರುವ ಒಬ್ಬ ಗೃಹಸ್ಥನಿದ್ದಾನೆಂದು ಓದುಗರು ಭಾವಿಸಿಕೊಳ್ಳಬೇಕು. ಆತನ ಮನೆಯಲ್ಲಿ ಮುಧೋಳ ತಳಿಯ ಒಂದು ನಾಯಿಯಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರಿನಿಂದ ಖ್ಯಾತವಾದ ಈ ಬೇಟೆಯ ನಾಯಿ ೨೦೦೫ರಲ್ಲಿ ಭಾರತದ ಅಂಚೆಚೀಟಿಯ ಮೇಲೆಯೂ ಅಚ್ಚಾಯಿತು. ಉದ್ದವಾದ ಕಾಲು, ಕಿರಿದಾದ ಮೋರೆ, ದೂರಕ್ಕೆ ಹಾಯುವ ದೃಷ್ಟಿ, ಗಾಳಿಯಂತಹ ಓಟ ಇವು ಅದರ ಲಕ್ಷಣಗಳು. ಅಪರಿಚಿತರು ಮೈಮುಟ್ಟಿದರೆ ಸಹಿಸದಿರುವುದೂ ಅದರ ಸ್ವಭಾವದಲ್ಲಿ ಉಂಟು. ಈ ಗೃಹಸ್ಥನು ಮರಿಯನ್ನು ತಂದು ಹಿತ್ತಲಲ್ಲಿಯೇ ಕಟ್ಟಿ ಸಾಕಿದನು. ಅದು ಹೊರಗಿನ ಜನವನ್ನು ಕಾಣಲಿಲ್ಲ, ಹೊರಗಿನ ನಾಯಿಯನ್ನು ಕಾಣಲಿಲ್ಲ. ಬೆಳೆದ ಮೇಲೆ ಒಂದು ದಿನ ಓಣಿಗೆ ಕರೆದುಕೊಂಡು ಬಂದಾಗ ಮೂರು ನಾಲ್ಕು ನಾಯಿಗಳು ಮುತ್ತಿ ಕಚ್ಚಿದವು. ಗಾಯ ಮಾಯ್ದುಹೋಯಿತು, ಅಂಜಿಕೆ ಉಳಿಯಿತು. ಅಂದಿನಿಂದ ದೂರದಲ್ಲಿ ಒಂದು ನಾಯಿ ಕಂಡರೂ ಸಾಕು, ಅದು ಮೊದಲು ನಡುಗುತ್ತದೆ, ಆಮೇಲೆ ಹಗ್ಗ ಹರಿಯುವಂತೆ ಮುಂದಕ್ಕೆ ನುಗ್ಗಿ ಬೊಗಳುತ್ತದೆ.

ಬೇಸಗೆಯಲ್ಲಿ ಆ ಸೀಮೆಯ ಬಿಸಿಲು ೪೦ ಡಿಗ್ರಿಯನ್ನು ಮೀರುವುದರಿಂದ ಗೃಹಸ್ಥನು ನಸುಕಿನಲ್ಲಿಯೇ ನಾಯಿಯನ್ನು ಹೊರಗೆ ಕರೆದೊಯ್ಯುತ್ತಾನೆ. ಎದುರಿನಿಂದ ಇನ್ನೊಬ್ಬ ಗೃಹಸ್ಥನು ಬರುತ್ತಾನೆ. ಆತನ ನಾಯಿ ಸಾಧುವಾದುದು; ಮಕ್ಕಳು ಕಿವಿ ಹಿಡಿದೆಳೆದರೂ ಸುಮ್ಮನಿರತಕ್ಕದ್ದು. ಕೊರಳಲ್ಲಿ ಪಟ್ಟಿಯಿದೆ, ಹಗ್ಗವಿಲ್ಲ. ಅದು ಬಾಲವಾಡಿಸುತ್ತ ನೇರವಾಗಿ ಓಡಿಬರುತ್ತದೆ. ಒಡೆಯನು ದೂರದಿಂದಲೇ ಕೂಗುತ್ತಾನೆ: “ಅಂಜಬ್ಯಾಡ್ರಿ ಯಜಮಾನ್ರ, ನಮ್ಮ ನಾಯಿ ಏನೂ ಮಾಡಂಗಿಲ್ಲ!” ಆ ಮಾತು ಮುಗಿಯುವಷ್ಟರಲ್ಲಿ ಹಗ್ಗದ ನಾಯಿ ಹಲ್ಲು ಕಿರಿದು ಮೇಲೆ ಬಿದ್ದಿರುತ್ತದೆ. ಆಗ ಅದೇ ಒಡೆಯನು, “ನಿಮ್ಮ ನಾಯಿ ಬಾಳ ಕೆಟ್ಟದ್ದೈತ್ರಿ, ಮನ್ಯಾಗ ಕಟ್ಟಿ ಹಾಕ್ರಿ” ಎಂದು ಬೈದು ಹೋಗುತ್ತಾನೆ. ನೋಡಿದವರೆಲ್ಲರೂ ಆತನ ಮಾತನ್ನೇ ಅನುಮೋದಿಸುತ್ತಾರೆ. ಬಾಲವಾಡಿಸಿದ್ದು ಒಳ್ಳೆಯ ನಾಯಿ, ಹಲ್ಲು ಕಿರಿದದ್ದು ಕೆಟ್ಟ ನಾಯಿ ಎಂದು ಲೋಕದ ತೀರ್ಪಾಗುತ್ತದೆ. ಈ ತೀರ್ಪು ನ್ಯಾಯವಾದುದೆ?

ಇದನ್ನು ನಿರ್ಣಯಿಸುವ ಮೊದಲು ಭಯದ ಸ್ವರೂಪವನ್ನು ತಿಳಿಯತಕ್ಕದ್ದು ಅವಶ್ಯ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ನಾಯಿಗಳ ನಡವಳಿಕೆಯನ್ನು ಬಹುಕಾಲ ಪರೀಕ್ಷಿಸಿ ೧೯೬೫ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಮರಿಯು ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯು ಲೋಕದ ಪರಿಚಯಕ್ಕೆ ಮೀಸಲಾದ ಕಾಲವೆಂದು ಅವರ ಸಂಶೋಧನೆಯಿಂದ ಸ್ಪಷ್ಟವಾಯಿತು. ಆಗ ಕಂಡುದು ನೆಂಟನಾಗುತ್ತದೆ. ಆಗ ಕಾಣದುದು ಮುಂದೆ ಶಂಕೆಯ ವಸ್ತುವಾಗುತ್ತದೆ. ಹೀಗೆ ಹುಟ್ಟಿದ ಅಂಜಿಕೆಯು ನಾಯಿಯ ಅಪರಾಧವಲ್ಲ. ಅದನ್ನು ಕಟ್ಟಿ ಸಾಕಿದ ಒಡೆಯನ ಅಜ್ಞಾನವೂ, ಮುತ್ತಿ ಕಚ್ಚಿದ ನಾಯಿಗಳ ಕಾಟವೂ ಕೂಡಿ ಅದರೊಳಗೆ ನೆಟ್ಟ ಮುಳ್ಳು ಅದು.

ಅಂಜಿದ ಪ್ರಾಣಿಗೆ ನಿಸರ್ಗವು ಮುಖ್ಯವಾಗಿ ಎರಡು ದಾರಿಗಳನ್ನು ಕೊಟ್ಟಿದೆ: ಓಡಿಹೋಗುವುದು ಅಥವಾ ತಿರುಗಿಬೀಳುವುದು. ಕೊರಳಿಗೆ ಹಗ್ಗ ಬಿದ್ದೊಡನೆ ಮೊದಲನೆಯ ದಾರಿ ಮುಚ್ಚಿಹೋಗುತ್ತದೆ. ಎದುರಿನ ನಾಯಿಗಾದರೋ ಬರುವ ಸ್ವಾತಂತ್ರ್ಯವೂ ಉಂಟು, ಹೋಗುವ ಸ್ವಾತಂತ್ರ್ಯವೂ ಉಂಟು. ಆದಕಾರಣ ಹಗ್ಗದ ನಾಯಿ ತಿರುಗಿಬೀಳುವುದು ಕ್ರೌರ್ಯದಿಂದಲ್ಲ, ಗತ್ಯಂತರವಿಲ್ಲದೆ. ಅದರ ಬೊಗಳಿಕೆಯೆಲ್ಲವೂ “ದೂರವಿರು” ಎಂಬ ಒಂದೇ ಮಾತಿನ ಪುನರುಕ್ತಿ. ಸೂಕ್ಷ್ಮವಾಗಿ ನೋಡಬಲ್ಲವರಿಗೆ ಬೊಗಳುವ ಮೊದಲೇ ಅದು ಹಲವು ಬಾರಿ ಬೇಡಿಕೊಂಡಿರುವುದು ಕಾಣುತ್ತದೆ. ಕಿವಿಯನ್ನು ಹಿಂದಕ್ಕೆ ಒತ್ತುತ್ತದೆ, ಬಾಲವನ್ನು ಕಾಲಸಂದಿಯಲ್ಲಿ ಸೇರಿಸುತ್ತದೆ, ತುಟಿ ನೆಕ್ಕುತ್ತದೆ, ನಿದ್ದೆಯಿಲ್ಲದಿದ್ದರೂ ಆಕಳಿಸುತ್ತದೆ, ಮುಖ ತಿರುಗಿಸಿ ಕಣ್ಣಂಚಿನಿಂದ ನೋಡುತ್ತದೆ, ಕಡೆಗೆ ಮರಗಟ್ಟಿದಂತೆ ನಿಂತುಬಿಡುತ್ತದೆ. ಈ ಬೇಡಿಕೆಗಳೆಲ್ಲ ಯಾರ ಕಿವಿಗೂ ಬೀಳದಿದ್ದಾಗ ಮಾತ್ರ ಅದು ಕೂಗುತ್ತದೆ. ಬಡವನ ಬಿನ್ನಹವನ್ನು ಕೇಳದೆ ಆತನು ಕೂಗಿದಾಗ ಒರಟನೆಂದು ಕರೆಯುವ ಲೋಕದ ರೂಢಿಯೇ ಇಲ್ಲಿಯೂ ಇದೆ.

ಈಗ “ನಮ್ಮ ನಾಯಿ ಏನೂ ಮಾಡುವುದಿಲ್ಲ” ಎಂಬ ಮಾತನ್ನು ವಿಚಾರಿಸಬೇಕು. ಅದು ಸುಳ್ಳಲ್ಲ, ಆ ನಾಯಿ ನಿಜವಾಗಿಯೂ ಸಾಧು. ಆದರೆ ಅದು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವಲ್ಲ. ಎದುರಿಗೆ ಬಂದ ಜೀವವು ಏನನ್ನು ಅನುಭವಿಸುತ್ತಿದೆ ಎಂಬುದು ಪ್ರಶ್ನೆ. ನನ್ನ ಮನಸ್ಸಿನಲ್ಲಿ ಕೇಡಿಲ್ಲವೆಂಬುದು ಉತ್ತರ. ಅಂಜಿಸಿದವನು ತನ್ನ ಉದ್ದೇಶವನ್ನು ತೂಗಿ ನೋಡಿ ನಿರಪರಾಧಿಯೆಂದು ತೀರ್ಮಾನಿಸಿಕೊಳ್ಳುತ್ತಾನೆ. ಭಯವನ್ನು ತೂಗುವ ತಕ್ಕಡಿಯಾದರೋ ಅಂಜಿದವನ ಕೈಯಲ್ಲಿರಬೇಕಾದುದು. ಎಳೆಯ ಕೂಸಿನ ಮುಂದೆ ದೊಡ್ಡ ಮೀಸೆಯ ಸಜ್ಜನನು ಬಂದರೆ ಕೂಸು ಚೀರುತ್ತದೆ. ಆತನು ಸಜ್ಜನನೆಂದು ಕೂಸಿಗೆ ತರ್ಕದಿಂದ ತಿಳಿಸಲಾಗುವುದೆ? ಜಾಣನಾದವನು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಹಿಂದೆ ಸರಿದುದರಿಂದ ಆತನ ಸಜ್ಜನಿಕೆಗೆ ಕುಂದು ಬರುವುದಿಲ್ಲ. ಅದು ಇನ್ನಷ್ಟು ಬೆಳಗುತ್ತದೆ. ದಯೆಯು ತನ್ನ ನಿರಪರಾಧಿತ್ವದಲ್ಲಿ ತೃಪ್ತಿಪಡುವ ಗುಣವಲ್ಲ. ಅನ್ಯನ ನೋವಿನ ಬಳಿ ನಿಂತು ಅಲ್ಲಿಂದ ಲೋಕವನ್ನು ನೋಡುವ ಗುಣವದು.

ರಾಯಚೂರು ಜಿಲ್ಲೆಯವರಿಗೆ ಈ ತತ್ತ್ವವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಇದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಕ್ಷೇತ್ರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಚರಿತೆ ಎಲ್ಲರಿಗೂ ತಿಳಿದುದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಪತಿಯನ್ನು ಕಳುಹಿಸಿದರು. ಆ ಅಕ್ಕಿಯನ್ನು ಯಾರೂ ಕದ್ದಿರಲಿಲ್ಲ, ಬಿದ್ದುದನ್ನು ಆಯ್ದದ್ದೇ. ಆದರೂ ಅದು ತಮ್ಮ ಪಾಲಿಗಿಂತ ಹೆಚ್ಚಿನದೆಂಬ ಒಂದೇ ಕಾರಣದಿಂದ ಆ ತಾಯಿ ಮನೆಯೊಳಗೆ ಸೇರಿಸಲಿಲ್ಲ.

ಊರ ದಾರಿಯೂ ಮಹಾಮನೆಯ ಅಂಗಳದಂತೆ ಎಲ್ಲರಿಗೂ ಸೇರಿದುದು. ಅಲ್ಲಿ ಸ್ವಾತಂತ್ರ್ಯವೆಂಬ ಅಕ್ಕಿ ಚೆಲ್ಲಿದೆ. ನಡೆಯುವವನಿಗೂ, ಮುದುಕನಿಗೂ, ಶಾಲೆಗೆ ಹೋಗುವ ಮಗುವಿಗೂ, ಅಂಜುವ ನಾಯಿಗೂ ಅದರಲ್ಲಿ ಪಾಲುಂಟು. ತನ್ನ ನಾಯಿಯನ್ನು ಬಿಚ್ಚಿ ಬಿಟ್ಟು ಕೂಗಿದರೂ ಹಿಂದಿರುಗದಷ್ಟು ದೂರ ಹೋಗಗೊಟ್ಟವನು ದಾರಿಯ ಅಗಲವನ್ನೆಲ್ಲ ತಾನೊಬ್ಬನೇ ಆಯ್ದುಕೊಂಡಂತಾಯಿತು. ಕೇಡಿನ ಬುದ್ಧಿ ಆತನಲ್ಲಿಲ್ಲ. ಹೆಚ್ಚು ತಂದಾಗ ಮಾರಯ್ಯನವರಲ್ಲಿಯೂ ಇರಲಿಲ್ಲ. ಹೆಚ್ಚಾದುದು ಎಲ್ಲಿಂದ ಬಂದಿತೆಂದು ಕೇಳುವ ಲಕ್ಕಮ್ಮನವರ ಪ್ರಶ್ನೆಯೊಂದು ಆತನ ಮನೆಯಲ್ಲಿ ಏಳಲಿಲ್ಲ, ಅಷ್ಟೆ. ಆ ಹೆಚ್ಚಿನ ಪಾಲು ಬಂದುದು ಹಗ್ಗ ಹಿಡಿದು ಗೋಡೆಯ ಮಗ್ಗುಲಿಗೆ ಸರಿದು ನಿಂತ ಇನ್ನೊಬ್ಬನ ಪಾಲಿನಿಂದ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. “ಹಳ್ಳಿಯ ನಾಯಿಗಳು ಅನಾದಿಯಿಂದಲೂ ಬಿಡುನಾಯಿಗಳೇ. ಹಗ್ಗವೇ ಹೊಸತು. ಒಬ್ಬನ ಅಂಜುಬುರುಕ ನಾಯಿಗಾಗಿ ಊರೆಲ್ಲ ಏಕೆ ಬದಲಾಗಬೇಕು?” ಎಂದು ಕೇಳುವವರಿದ್ದಾರೆ. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಕುರಿಮಂದೆಯ ಸುತ್ತ ತಿರುಗುವ ಕುರುಬರ ನಾಯಿಯನ್ನು ಕಟ್ಟಿಹಾಕೆಂದು ಹೇಳುವುದು ಅವಿವೇಕ. ಅದು ತನ್ನ ಕಾಯಕದಲ್ಲಿದೆ. ಅದರ ಮಂದೆಯಿಂದ ದೂರ ಹಾಯುವುದು ದಾರಿಹೋಕನ ಹೊಣೆ. ಒಡೆಯರಿಲ್ಲದ ಬೀದಿನಾಯಿಗಳಿಗೆ ಯಾರು ಬುದ್ಧಿ ಹೇಳಬೇಕು? ಅವುಗಳಿಗೆ ಸಂತಾನಹರಣ ಚಿಕಿತ್ಸೆಯನ್ನೂ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಮಾಡಿಸುವ ಹೊಣೆಯನ್ನು ೨೦೨೩ರ ನಿಯಮಗಳು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. ಉಳಿದುದು ಮೂರನೆಯ ಬಗೆ: ಮನೆಯೂ ಒಡೆಯನೂ ಕೊರಳಪಟ್ಟಿಯೂ ಇದ್ದು, ಒಡೆಯನ ಸೋಮಾರಿತನದಿಂದಲೋ ಹೆಮ್ಮೆಯಿಂದಲೋ ಬಿಡುಬೀಸಾಗಿ ತಿರುಗುವ ನಾಯಿ. ಧರ್ಮಪ್ರಶ್ನೆ ಹುಟ್ಟುವುದು ಇದರ ವಿಷಯದಲ್ಲಿ ಮಾತ್ರ. ಏಕೆಂದರೆ ಇದರ ಹಿಂದೆ ಕೇಳಬಲ್ಲ ಕಿವಿಯುಳ್ಳ ಮನುಷ್ಯನೊಬ್ಬನಿದ್ದಾನೆ.

ಅಷ್ಟೇ ಅಲ್ಲ, ಊರಿಗೆ ಈ ಸೌಜನ್ಯವು ಹೊಸತೂ ಅಲ್ಲ. ಬೆದರುವ ಹೋರಿಯನ್ನು ಹಿಡಿದುಕೊಂಡು ರೈತನು ದಾರಿಯಲ್ಲಿ ಬಂದರೆ ಎದುರಿನವರು ಏನು ಮಾಡುತ್ತಾರೆ? ಬಂಡಿಯನ್ನು ಬದಿಗೆ ಹೊಡೆದು ನಿಲ್ಲಿಸುತ್ತಾರೆ, ಮಕ್ಕಳನ್ನು ಕಟ್ಟೆಯ ಮೇಲೆ ಹತ್ತಿಸುತ್ತಾರೆ, ಕೂಗಾಟವನ್ನು ನಿಲ್ಲಿಸುತ್ತಾರೆ. “ನಮ್ಮ ಬಂಡಿ ಏನೂ ಮಾಡುವುದಿಲ್ಲ” ಎಂದು ಯಾರೂ ಹೋರಿಯ ಎದುರಿಗೆ ಹೊಡೆದುಕೊಂಡು ಹೋಗುವುದಿಲ್ಲ. ಹೋರಿಯ ವಿಷಯದಲ್ಲಿ ಒಕ್ಕಲು ಮಕ್ಕಳು ತಲೆತಲಾಂತರದಿಂದ ಬಲ್ಲ ವಿವೇಕವನ್ನೇ ನಾಯಿಯ ವಿಷಯಕ್ಕೂ ವಿಸ್ತರಿಸಬೇಕೆಂಬುದಷ್ಟೇ ಇಲ್ಲಿಯ ಕೋರಿಕೆ.

ಹಾಗಾದರೆ ಅಂಜುವ ನಾಯಿಯನ್ನು ಮನೆಯಲ್ಲಿಯೇ ಕಟ್ಟಿಹಾಕಿದರಾಗದೆ? ಆಗದು. ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ೧೧ನೆಯ ಕಲಮಿನಲ್ಲಿ ಹಿಂಸೆಯ ಬಗೆಗಳನ್ನು ಎಣಿಸುವಾಗ, ಸದಾ ಕಟ್ಟಿಹಾಕಿದ ನಾಯಿಯನ್ನು ತಕ್ಕಮಟ್ಟಿಗೆ ಅಡ್ಡಾಡಿಸದೆ ಇರುವ ಒಡೆಯನ ಉಪೇಕ್ಷೆಯನ್ನೂ ಒಂದೆಂದು ಎಣಿಸಿದೆ. ಕಾಯಿದೆ ಹೇಳದಿದ್ದರೂ ಅಂತಃಕರಣವು ಹೇಳುತ್ತಿತ್ತು. ಓಡುವುದಕ್ಕೆಂದೇ ಹುಟ್ಟಿದ ಮುಧೋಳದ ಕಾಲುಗಳನ್ನು ಗೂಟಕ್ಕೆ ಬಿಗಿದು ಜೀವಮಾನವನ್ನು ಕಳೆಯಿಸುವುದು ಹೊಡೆಯದೆ ಮಾಡಿದ ಹಿಂಸೆ. ಆದಕಾರಣ ಹೊರಗೆ ಒಯ್ಯುವುದು ಕರ್ತವ್ಯ. ಹೊರಗಾದರೋ ಅದಕ್ಕೆ ಭಯ. ಇವೆರಡರ ನಡುವೆ ನಡೆಯುವುದೇ ಅದರ ಒಡೆಯನ ಸಾಧನೆ.

ಆ ಸಾಧನೆಯ ಕ್ರಮವನ್ನು ತಿಳಿದವರು ಹೇಳುವುದುಂಟು. ಭಯಕ್ಕೆ ದೂರವೇ ಮೊದಲನೆಯ ಔಷಧ. ಅನ್ಯ ನಾಯಿ ಕಂಡರೂ ನಡುಗದಷ್ಟು ದೂರದಲ್ಲಿ ನಿಂತು, ಅದು ಕಂಡೊಡನೆ ತನ್ನ ನಾಯಿಗೆ ಇಷ್ಟವಾದ ತುತ್ತನ್ನು ಕೊಡಬೇಕು. ಅದು ಮರೆಯಾದೊಡನೆ ತುತ್ತನ್ನು ನಿಲ್ಲಿಸಬೇಕು. ದಿನಗಳು, ತಿಂಗಳುಗಳು ಕಳೆದಂತೆ ಅನ್ಯ ನಾಯಿಯ ದರ್ಶನವು ಕೇಡಿನ ಬದಲು ತುತ್ತಿನ ಸೂಚನೆಯಾಗುತ್ತದೆ. ಆಗ ದೂರವನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಬಹುದು. ಹಗ್ಗವನ್ನು ಸಡಿಲವಾಗಿ ಹಿಡಿಯಬೇಕು. ಬಿಗಿದ ಹಗ್ಗವು ಒಡೆಯನ ಕೈಯ ಅಂಜಿಕೆಯನ್ನು ನಾಯಿಯ ಕೊರಳಿಗೆ ಮುಟ್ಟಿಸುತ್ತದೆ. ಬಿಡುನಾಯಿಗಳು ಹೆಚ್ಚಾಗಿರುವ ಹೊತ್ತನ್ನೂ ಓಣಿಯನ್ನೂ ಬಿಟ್ಟು ಬೇರೆ ಹೊತ್ತು, ಬೇರೆ ದಾರಿ ಹಿಡಿಯಬೇಕು. ಅಷ್ಟಾದರೂ ಒಂದು ನಾಯಿ ಓಡಿಬಂದರೆ ತನ್ನ ಮೈಯನ್ನು ನಡುವೆ ಅಡ್ಡವಾಗಿಸಿ, ನಾಲ್ಕು ರೊಟ್ಟಿಯ ಚೂರುಗಳನ್ನು ಬರುವ ನಾಯಿಯ ಮುಂದೆ ಚೆಲ್ಲಿ, ಅದು ಅವುಗಳಲ್ಲಿ ತೊಡಗಿರುವಾಗ ಸದ್ದಿಲ್ಲದೆ ತಿರುಗಿಹೋಗುವುದು ಲೇಸು. ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವಂತೆ, ಬಾಯಿ ತೆರೆದು ಏದಲು ಅನುಕೂಲವಾದ ಕುಕ್ಕೆಯನ್ನು ನಾಯಿಗೆ ಮೆಲ್ಲನೆ ಅಭ್ಯಾಸ ಮಾಡಿಸುವುದು ಎಲ್ಲರಿಗೂ ಕ್ಷೇಮ. ಭಯವು ವಿಪರೀತವಾಗಿದ್ದರೆ ಪಶುವೈದ್ಯರನ್ನು ಕಾಣಬೇಕು.

ಹೊಡೆಯುವುದು ಮಾತ್ರ ಎಂದಿಗೂ ಸಲ್ಲದು. ಗುರುಗುಟ್ಟಿದ ನಾಯಿಗೆ ಪೆಟ್ಟು ಕೊಟ್ಟರೆ ಅದು ಗುರುಗುಟ್ಟುವುದನ್ನು ಬಿಡಬಹುದು, ಅಂಜುವುದನ್ನು ಬಿಡುವುದಿಲ್ಲ. ಅನ್ಯ ನಾಯಿ ಕಂಡಾಗಲೆಲ್ಲ ಪೆಟ್ಟೂ ಬೀಳುತ್ತದೆಂದು ಕಲಿತು ಇಮ್ಮಡಿಯಾಗಿ ಅಂಜುತ್ತದೆ. ಮುನ್ಸೂಚನೆಯನ್ನು ಕೊಲ್ಲಿಸಿಕೊಂಡ ಭಯವು ಮುಂದೊಂದು ದಿನ ಸೂಚನೆಯಿಲ್ಲದೆಯೇ ಕಚ್ಚುತ್ತದೆ.

ಈ ಒಡೆಯನಿಗೂ ತನ್ನ ಮನಸ್ಸನ್ನು ಶೋಧಿಸಿಕೊಳ್ಳುವ ಹೊಣೆ ತಪ್ಪಿದ್ದಲ್ಲ. ದಿನವೂ ಬೈಗುಳ ಕೇಳಿದವನಿಗೆ ಕ್ರಮೇಣ ಊರಿನ ಮೇಲೆಯೇ ದ್ವೇಷ ಬೆಳೆಯುವುದುಂಟು. ಎದುರಿನ ನಾಯಿಗೆ ಕಲ್ಲೆಸೆಯಲು ಕೈ ಎತ್ತುತ್ತದೆ. ಆ ನಾಯಿಯಾದರೋ ಗೆಳೆತನವನ್ನು ಬಯಸಿ ಬಂದ ಮೂಕಪ್ರಾಣಿ; ಅದಕ್ಕೆ ಬೀಳುವ ಕಲ್ಲು ಒಡೆಯನ ತಪ್ಪಿಗೆ ಆಳು ತೆತ್ತ ದಂಡವಾಗುತ್ತದೆ. ಪಂಚಾಚಾರಗಳಲ್ಲಿ ಗಣಾಚಾರವೂ ಉಂಟು, ಭೃತ್ಯಾಚಾರವೂ ಉಂಟು. ಅನ್ಯಾಯ ಕಂಡಾಗ ಸುಮ್ಮನಿರದೆ ನುಡಿಯುವುದನ್ನು ಮೊದಲನೆಯದು ಕಲಿಸುತ್ತದೆ. ತಾನು ಎಲ್ಲರಿಗಿಂತ ಕಿರಿಯನೆಂದು ಬಾಗಿ ನುಡಿಯುವುದನ್ನು ಎರಡನೆಯದು ಕಲಿಸುತ್ತದೆ. ದಾರಿಯಲ್ಲಿ ಜಗಳ ಕಾಯದೆ, ಸಮಾಧಾನದ ಹೊತ್ತಿನಲ್ಲಿ ನೆರೆಯವನ ಮನೆಗೆ ಹೋಗಿ, “ನಮ್ಮ ನಾಯಿ ಅಂಜುತೈತ್ರಿ. ನಾವು ಬರೋ ಹೊತ್ತಿಗೆ ನಿಮ್ಮದನ್ನ ಒಂದೀಟು ಹಿಡಕೊಂಡ್ರ ಉಪಕಾರ ಆಗತೈತಿ” ಎಂದು ಹೇಳುವುದರಲ್ಲಿ ಎರಡು ಆಚಾರಗಳೂ ಕೂಡಿಬರುತ್ತವೆ. ತನ್ನ ನಾಯಿಯ ಅಂಜಿಕೆಯನ್ನು ನಾಚಿಕೆಯಿಂದ ಮುಚ್ಚಿಡುವವನು ನೆರೆಯವನಿಗೆ ದಯೆ ತೋರುವ ಅವಕಾಶವನ್ನೇ ಕೊಡುವುದಿಲ್ಲ.

ಉಪೇಕ್ಷೆಯ ಫಲವನ್ನೂ ನೆನೆಯಬೇಕು. ಬಿಡುನಾಯಿಯೂ ಹಗ್ಗದ ನಾಯಿಯೂ ಹೆಣೆದುಕೊಂಡಾಗ ಬಿಡಿಸಲು ನಡುವೆ ಕೈಯಿಟ್ಟ ಮನುಷ್ಯನಿಗೂ ಹಲ್ಲು ತಗಲುತ್ತದೆ. ಹತ್ತಿರವಿದ್ದ ಮಗುವಿಗೂ ತಗಲಬಹುದು. ಹುಚ್ಚುನಾಯಿ ರೋಗಕ್ಕೆ ಲೂಯಿ ಪಾಶ್ಚರನು ೧೮೮೫ರಲ್ಲಿಯೇ ಮನುಷ್ಯನಿಗೆ ಲಸಿಕೆಯನ್ನು ಪ್ರಯೋಗಿಸಿ ತೋರಿಸಿದನು; ಆದರೂ ರೋಗಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದು ಇಂದಿಗೂ ಕೈಗೆ ಬಂದಿಲ್ಲ. ಕಚ್ಚಿದ ಗಾಯಕ್ಕೆ ಸುಣ್ಣ, ಖಾರದ ಪುಡಿ ಮೆತ್ತದೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ೧೫ ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ತನ್ನ ವಶದಲ್ಲಿರುವ ಪ್ರಾಣಿಯಿಂದ ಅನ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯವಾಗದಂತೆ ತಕ್ಕ ಎಚ್ಚರಿಕೆ ವಹಿಸದವನಿಗೆ ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೨೯೧ನೆಯ ಕಲಮು ಆರು ತಿಂಗಳವರೆಗೆ ಸೆರೆಮನೆವಾಸ ಅಥವಾ ೫,೦೦೦ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಈ ಹೊಣೆ ಹಗ್ಗ ಹಿಡಿದವನಿಗೂ ಉಂಟು, ಬಿಟ್ಟವನಿಗೂ ಉಂಟು. ಆದರೆ ಕಾನೂನು ಎಚ್ಚರಗೊಳ್ಳುವುದು ಕೇಡು ಕಣ್ಣಿಗೆ ಕಂಡಾಗ. ಕಚ್ಚದೆ, ರಕ್ತ ಬಾರದೆ, ದಿನವೂ ಒಂದು ಜೀವವು ನಡುಗಿ ಮನೆಗೆ ಮರಳಿದರೆ ಅದನ್ನು ದಾಖಲೆ ಮಾಡಿಕೊಳ್ಳುವ ಠಾಣೆಯಿಲ್ಲ. ಅಂಥ ನಡುಕದ ಲೆಕ್ಕವನ್ನು ಇಡತಕ್ಕದ್ದು ಭಕ್ತನ ಅಂತಃಕರಣವೊಂದೇ.

ಕೊನೆಗೆ ಇನ್ನೊಂದು ಮಾತು. ಅಂಜುವ ನಾಯಿ ಒಂದು ನಿಮಿತ್ತ ಮಾತ್ರವಲ್ಲ. ಅದು ತನ್ನಷ್ಟಕ್ಕೆ ತಾನೇ ದಯೆಗೆ ಪಾತ್ರವಾದ ಜೀವ. ಆದರೆ ಅದಕ್ಕೆ ದಾರಿ ಬಿಡಲು ಕಲಿತ ಕಣ್ಣು ಅಲ್ಲಿಗೇ ನಿಲ್ಲುವುದಿಲ್ಲ. ಹೊಸದಾಗಿ ಮನೆಗೆ ಬಂದ ಸೊಸೆ ತುಂಬಿದ ಪಡಸಾಲೆಯಲ್ಲಿ ಏಕೆ ಬಾಯಿ ಬಿಡುವುದಿಲ್ಲ, ಶಾಲೆಯಲ್ಲಿ ಪೆಟ್ಟು ತಿಂದ ಹುಡುಗನು ಪ್ರೀತಿಯಿಂದ ಎತ್ತಿದ ಕೈಗೂ ಏಕೆ ತಲೆ ತಗ್ಗಿಸುತ್ತಾನೆ, ಹಿಂದೊಮ್ಮೆ ಅಪಮಾನಗೊಂಡವನು ಮಠದ ಪಂಕ್ತಿಯಲ್ಲಿ ಏಕೆ ಕಡೆಯಲ್ಲಿ ಕುಳಿತುಕೊಳ್ಳುತ್ತಾನೆ ಎಂಬುದೂ ಆ ಕಣ್ಣಿಗೆ ಕಾಣತೊಡಗುತ್ತದೆ. ಇವರೆಲ್ಲರಿಗೂ ಲೋಕವು “ಅಂಜಬೇಡ, ನಾವು ಏನೂ ಮಾಡುವುದಿಲ್ಲ” ಎಂದು ಹೇಳುತ್ತಲೇ ಹತ್ತಿರ ಹತ್ತಿರ ಬರುತ್ತದೆ. ಹತ್ತಿರ ಬಾರದೆ ನಿಂತು, ಅವರೇ ಬರುವವರೆಗೆ ಕಾಯುವವನು ವಿರಳ.

ಚಂದ್ರಬಂಡದ ಆ ದಾರಿಯಲ್ಲಿ ನಾಳೆಯ ನಸುಕಿನಲ್ಲಿ ಎದುರಿನ ಗೃಹಸ್ಥನು ದೂರದಿಂದ ಹಗ್ಗದ ನಾಯಿಯನ್ನು ಕಂಡೊಡನೆ ತನ್ನ ನಾಯಿಯನ್ನು ಬಳಿಗೆ ಕರೆದು, ಕೊರಳಪಟ್ಟಿಗೆ ಕೈ ಹಾಕಿ, ಬೇವಿನ ಮರದ ಮರೆಗೆ ಒಂದು ಗಳಿಗೆ ನಿಂತುಕೊಂಡರೆ ಸಾಕು. ಆತನಿಗೆ ಖರ್ಚಿಲ್ಲ, ಶ್ರಮವಿಲ್ಲ. ಇಬ್ಬರೂ ಶರಣು ಶರಣಾರ್ಥಿ ಎಂದು ಕೈಯೆತ್ತಿ ತಮ್ಮ ತಮ್ಮ ದಾರಿ ಹಿಡಿಯಬಹುದು. ಆ ಒಂದು ಗಳಿಗೆಯನ್ನು ಕೊಡಲು ಭಕ್ತರಾದವರು ಹಿಂದೆಗೆಯದಿರಲಿ.